ಬೀಗರ ಕೋಲಾಕಾಯಿ

ಮನೆಯಲ್ಲಿ ಒಳ್ಳೆಯ ಕುರ್ಚಿಗಳು ಮೂರೇ ಇದ್ದವು, ನಾಲ್ಕನೆಯದರ ಒಂದು ಕಾಲು ಅಲ್ಲಾಡುತ್ತಿತ್ತು. ಇಪ್ಪತ್ತು ವರ್ಷ ವಿದೇಶಾಂಗ ಕಚೇರಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದೊಂದನ್ನೇ ಯೋಚಿಸಿ ತಲೆ ನರೆಸಿಕೊಂಡ ಸಿರಿಮಾನ್ ದೆಂಬೆಲೆ ಆ ಕುರ್ಚಿಯನ್ನು ಬೆಳಗಿನಿಂದ ನಡುಮನೆಯ ಮೂಲೆಮೂಲೆಗೂ ಹೊತ್ತು ತಿರುಗಿದ್ದ. ಕಿಟಕಿಯ ಕಡೆ ಇಟ್ಟರೆ ಅದರಲ್ಲಿ ಕರ್ನಲ್ ಕೂರುತ್ತಾರೆ. ದೇಶ ಹಿಡಿದು ಎರಡು ತಿಂಗಳೂ ಆಗದವರನ್ನು ಅಲ್ಲಾಡುವ ಕುರ್ಚಿಯಲ್ಲಿ ಕೂರಿಸಿದರೆ ಅದಕ್ಕೆ ನೂರೆಂಟು ಅರ್ಥ ಹುಟ್ಟುತ್ತದೆ. ಬಾಗಿಲ ಕಡೆ ಇಟ್ಟರೆ ಬೀಗರು ಕೂರುತ್ತಾರೆ. ಬೀಗರೆಂಬುದು ಕರ್ನಲ್ಲರ ಕ್ಯಾಪ್ಟನ್ ಇಟ್ಟ ಗುಟ್ಟಿನ ಹೆಸರು. ಯಾವ ದೇಶವನ್ನು ಕರ್ನಲ್ ಬುರಾಮಾ ದಿಯಾರಾ ದಿನಾ ಬೆಳಿಗ್ಗೆ ರೇಡಿಯೊದಲ್ಲಿ ಹಿಗ್ಗಾಮುಗ್ಗಾ ಬೈಯುತ್ತಿದ್ದರೋ, ಯಾವ ದೇಶದ ರಾಯಭಾರಿಯನ್ನು ಮಲಗಿದ್ದ ಪೈಜಾಮದಲ್ಲೇ ವಿಮಾನ ಹತ್ತಿಸಿ ಕಳಿಸಿದ್ದರೋ, ಆ ದೇಶದಿಂದ ಕದ್ದು ಬಂದ ಆರಡಿ ಎತ್ತರದ ಒಬ್ಬ ಬಿಳಿಯ ಮುದುಕರು ಅವರು. ಪೆಟ್ರೋಲು ತುಂಬಿದ ಲಾರಿಗಳು ಗಡಿಯಾಚೆ ಸಾಲುಗಟ್ಟಿ ನಿಂತಿದ್ದವು, ರಾಜಧಾನಿ ಬಮಾಕೊದ ದೀಪಗಳು ಒಂದೊಂದಾಗಿ ಆರುತ್ತಿದ್ದವು, ಬೈದವರ ಜೊತೆ ಮಾತಾಡದೆ ವಿಧಿಯಿರಲಿಲ್ಲ. ಕೊನೆಗೆ ಅಲ್ಲಾಡುವ ಕಾಲಿನ ಕೆಳಗೆ ಹಳೆಯ ರಟ್ಟಿನ ತುಂಡೊಂದನ್ನು ಮಡಿಸಿ ತುರುಕಿ, ಕುರ್ಚಿಯನ್ನು ಒತ್ತಿ ನೋಡಿ, ಇಷ್ಟೇ ತನ್ನ ಯೋಗ್ಯತೆ ಎಂದುಕೊಂಡ.

ಮಾತುಕತೆಗೆ ಅವನ ಮನೆಯೇ ಯಾಕೆ ಎಂದರೆ, ಅವನಿಗೆ ಮದುವೆ ವಯಸ್ಸಿನ ಮಗಳಿದ್ದಳು. ಹಳೇ ಓಣಿಯಲ್ಲಿ ಕಾರು ಬಂದು ನಿಂತರೆ, ನಿಲುವಂಗಿ ತೊಟ್ಟ ಗಂಡಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಹೆಣ್ಣು ಕೇಳಲು ಬಂದಿದ್ದಾರೆ ಎಂದು ಜನ ತಾವೇ ಹೇಳಿಕೊಂಡು ಸುಮ್ಮನಾಗುತ್ತಾರೆ. ಈ ಉಪಾಯ ಹೇಳಿದ ಕ್ಯಾಪ್ಟನ್ ಅವನ ಭುಜ ತಟ್ಟಿ, 'ದೇಶ ನಿಮ್ಮ ಉಪಕಾರ ಮರೆಯಲ್ಲ' ಅಂದಿದ್ದ. ಮೂರು ಸರ್ಕಾರಗಳನ್ನು ಕಂಡರೂ ಒಂದಕ್ಕೂ ತನ್ನ ಹೆಸರು ನೆನಪಿರದ ಸಿರಿಮಾನನಿಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಮಗಳ ಹೆಸರನ್ನು ಅವಳನ್ನೇ ಕೇಳದೆ ಹೀಗೆ ಕಡ ಕೊಡಬಹುದೇ ಎಂಬ ಪ್ರಶ್ನೆ ಮನೆಗೆ ಬಂದು ಅನ್ನಕ್ಕೆ ಕೈ ಹಾಕಿದಾಗಷ್ಟೇ ಹೊಳೆಯಿತು. ಹೊಳೆದ ಮೇಲೂ ಅವನು ಬಾಯಿ ಬಿಡಲಿಲ್ಲ. ಗುಟ್ಟು ಗುಟ್ಟಾಗಿರಬೇಕಲ್ಲ. ಮೊದಲ ಸಲ ಬಂದಾಗ ಕ್ಯಾಪ್ಟನ್ ನಾಟಕ ಪೂರ್ತಿಯಾಗಲೆಂದು ಹಸಿ ಎಲೆಯಲ್ಲಿ ಸುತ್ತಿದ ಹತ್ತು ಕೋಲಾಕಾಯಿಗಳನ್ನು ತಂದು ಇಟ್ಟಿದ್ದ. ಸಿರಿಮಾನನ ಅಕ್ಕ ಬಾತೊಮಾ ಹುಡುಗ ಯಾರು ಎಂದು ಕೇಳಿದಾಗ ಕಣ್ಣು ಮಿಟುಕಿಸದೆ, ಸಾಲಿಫ್ ಅಂತ, ಡಾಕಾರ್ ಬಂದರಿನಲ್ಲಿ ಕೆಲಸ, ಈ ಬಿಳಿಯ ದೊಡ್ಡವರು ಅವನ ಮೇಲಧಿಕಾರಿ, ಹಿರಿಯರಾಗಿ ಬಂದಿದ್ದಾರೆ ಎಂದು ಒಬ್ಬ ವರನನ್ನೇ ಹೆತ್ತು ಅವಳ ಕೈಗೆ ಕೊಟ್ಟಿದ್ದ.

ಕೋಲಾಕಾಯಿ ನಮ್ಮಲ್ಲಿ ತಾಂಬೂಲವಿದ್ದಂತೆ. ಗಂಡಿನ ಕಡೆಯವರು ತಂದಿಟ್ಟದ್ದು ಇಟ್ಟಲ್ಲೇ ಇದ್ದರೆ ಮಾತು ಇನ್ನೂ ಗಾಳಿಯಲ್ಲಿದೆ ಎಂದರ್ಥ. ಒಡೆದು ನೆಂಟರಿಗೂ ನೆರೆಯವರಿಗೂ ಹಂಚಿ, ಅವರು ಅಗಿದು ನುಂಗಿದರೆ ಹೆಣ್ಣು ಕೊಟ್ಟಾಯಿತು. ಆ ಮನೆಗೆ ಮತ್ತೆ ಬೇರೆ ಯಾರೂ ಕಾಯಿ ತರುವುದಿಲ್ಲ. ಇಷ್ಟು ಓಣಿಯ ಕೋಳಿಗಳಿಗೂ ಗೊತ್ತಿರುವ ವಿಷಯ. ಯಾವ ದೇಶದ ಮಂತ್ರಿಗೆ ಎಡಗೈ ಕಡೆ ಯಾರನ್ನು ಕೂರಿಸಬಾರದೆಂದು ಬಾಯಿಪಾಠ ಇದ್ದ ಸಿರಿಮಾನ್ ಆ ಹತ್ತು ಕಾಯಿಗಳನ್ನು ಅಂದೇ ತಿರುಗಿ ಕಳಿಸುವುದು ಬಿಟ್ಟು, ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟು ಕಚೇರಿಗೆ ಹೋದ. ಸಂಜೆ ಬಂದಾಗ ಬಾತೊಮಾ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು, ಬಾಯಿ ಕೆಂಪಗಿತ್ತು.

'ಏನಕ್ಕ ಅಗೀತಿದೀಯ?'

'ನಿನ್ನ ಮಗಳ ಕಾಯಿ. ಬಟ್ಟೆ ಕೆಳಗೆ ಇಟ್ಟು ಒಣಗಿಸ್ತಿದ್ದೆಯಲ್ಲೋ, ಬುದ್ಧಿ ಬೇಡ್ವಾ ನಿನಗೆ? ಕಾಯಿ ಸುಕ್ಕಾದ್ರೆ ಹುಡುಗಿ ಬಾಳೂ ಸುಕ್ಕು ಅಂತ ನಮ್ಮಮ್ಮ ಹೇಳ್ತಿರಲಿಲ್ವಾ? ಎಲ್ಲಾ ಒಡೆದು ಹಂಚಿಬಿಟ್ಟೆ. ಮಸೀದಿ ಕಡೆ ಎರಡು ಕಳಿಸ್ದೆ. ಕಮ್ಮಾರರ ಮನೆಗೆ ಒಂದು.'

'ಹಂಚಿಬಿಟ್ಯಾ?'

'ಬಂದರಿನ ಕೆಲಸ, ಬಿಳಿ ಸಾಹೇಬನೇ ಮನೆ ಬಾಗಿಲಿಗೆ ಬಂದು ಕೂತಿದಾನೆ. ಇನ್ನೇನು ರಾಜಕುಮಾರ ಬರಬೇಕಿತ್ತಾ? ನೀನು ಯಾವತ್ತು ತಾನೇ ಒಂದು ವಿಷಯಕ್ಕೆ ಹೂಂ ಅಂತ ಬಾಯಿಬಿಟ್ಟು ಹೇಳಿದೀಯ. ನಿನ್ನ ಪರವಾಗಿ ನಾನು ಹೇಳಿದೆ.'

ಅವನಿಗೆ ಆಗ ಕಾಲಿನ ಕೆಳಗೆ ರಟ್ಟಿಲ್ಲದ ಕುರ್ಚಿಯಲ್ಲಿ ಕೂತಂತಾಗಿತ್ತು, ಈಗಲೂ ಹಾಗೇ ಇತ್ತು. ಇವತ್ತು ಬೀಗರು ಬರುವ ಮುಂಚೆ ಪುಂಡಿ ಹೂವಿನ ಪಾನಕ ಮಾಡಿಟ್ಟಿದ್ದಾರೋ ಇಲ್ಲವೋ ನೋಡಲು ಅಡಿಗೆ ಚಪ್ಪರದ ಕಡೆ ಹೋದವನು ಅಲ್ಲಿ ಮಗಳು ಅಸಿತಾನ್ ಬೆನ್ನು ತಿರುಗಿಸಿ ಪಾತ್ರೆ ತಿಕ್ಕುತ್ತಿರುವುದನ್ನು ಕಂಡು ಹೊರಗೇ ನಿಂತ. ಕಾಯಿ ಹಂಚಿದ ಆ ಸಂಜೆಯಿಂದ ಅವಳು ಎಲ್ಲರೂ ಕೈ ಹಾಕುವ ದೊಡ್ಡ ಬೋಗುಣಿಯ ಹತ್ತಿರ ಕೂರುವುದನ್ನು ಬಿಟ್ಟಿದ್ದಳು. ತನ್ನ ಪಾಲಿನ ಮುದ್ದೆಯನ್ನು ಒಂದು ಸೋರೆ ಬುರುಡೆಗೆ ಹಾಕಿಕೊಂಡು ಒಲೆಯ ಬಳಿ ಒಬ್ಬಳೇ ತಿನ್ನುತ್ತಿದ್ದಳು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಜಗಳವಿಲ್ಲ. ಬೋಗುಣಿಯಲ್ಲಿ ಅವಳು ಕೈ ಹಾಕುತ್ತಿದ್ದ ಜಾಗಕ್ಕೆ ಬಾತೊಮಾಳೂ ಕೈ ಹಾಕುತ್ತಿರಲಿಲ್ಲ, ಅವನೂ ಹಾಕುತ್ತಿರಲಿಲ್ಲ, ದಿನಾ ಅಷ್ಟು ಮುದ್ದೆ ಉಳಿದು ಕೋಳಿಗಳಿಗೆ ಸೇರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅವಳೇ ಬಂದು, ಲೆಕ್ಕದ ಮೇಷ್ಟರು ನೂಹುಂ ಎಂಬುವರ ಹೆಸರು ಹೇಳಿ, ಅವರ ಚಿಕ್ಕಪ್ಪ ಕಾಯಿ ತರ್ತಾರಂತೆ ಅಪ್ಪ ಎಂದು ನೆಲ ನೋಡುತ್ತಾ ಹೇಳಿದ್ದಳು. ಮಳೆ ಮುಗೀಲಿ ಎಂದಿದ್ದ ಅವನು. ಮಳೆ ಮುಗಿದು, ಈಗ ಉತ್ತರದ ಒಣಗಾಳಿ ಧೂಳನ್ನು ಹೊತ್ತು ತಂದು ಊರೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡುವ ಕಾಲ ಬಂದಿತ್ತು. ಹಾಗೆ ಹೇಳಿದ್ದು ಯಾಕೆಂದು ಈಗ ಎಷ್ಟು ಕೆದಕಿದರೂ ಕಾರಣ ಸಿಗುತ್ತಿರಲಿಲ್ಲ, ಯಾವುದಕ್ಕೂ ಸದ್ಯಕ್ಕೆ ಬೇಡ ಎನ್ನುವ ಕಚೇರಿಯ ಚಾಳಿ ಅಷ್ಟೆ.

'ಪಾನಕ ಆಯ್ತಾ ಮಗಳೇ?'

'ಬೀಗರಿಗೆ ಬೇಕಾದಷ್ಟು ಆಗಿದೆ.' ಪಾತ್ರೆ ತಿಕ್ಕುವ ಕೈ ನಿಲ್ಲಲಿಲ್ಲ. 'ಅಪ್ಪ, ಒಂದು ಕೇಳ್ಲಾ? ಈ ಸಾಲಿಫ್ ಅನ್ನೋರು ಎತ್ತರವಾ, ಕುಳ್ಳಗಿದಾರಾ?'

'ಒಳ್ಳೆ ಮನೆತನ ಅಮ್ಮ.'

'ಅದೇ ಉತ್ತರ ಮೂರನೇ ಸಲ ಹೇಳ್ತಿದೀಯ. ನೂಹುಂ ದೂರದ ಗಾವೋ ಊರಿಗೆ ವರ್ಗ ಕೇಳಿಕೊಂಡಿದಾರೆ. ನಾಳೆ ಬೆಳಿಗ್ಗೆ ಬಸ್ಸು. ನಿನಗೆ ಹೇಳಬೇಕು ಅನ್ನಿಸ್ತು, ಹೇಳಿದೀನಿ.'

ಇವತ್ತು ಕಡೆಯ ಮಾತು, ಇವತ್ತು ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ. ಇವತ್ತು ಮುಗಿಯುತ್ತದೆಂದು ಯಾರು ಹೇಳಿದರು? ಎರಡು ಸಲ ಕೂತರೂ ಮಾತು ಒಂದೇ ಕಲ್ಲಿಗೆ ಎಡವಿ ನಿಂತಿತ್ತು. ಪೈಜಾಮದ ವಿಷಯಕ್ಕೆ ಒಂದು ವಿಷಾದದ ಮಾತು ಬೇಕು ಎನ್ನುತ್ತಿದ್ದರು ಬೀಗರು, ರೇಡಿಯೊದಲ್ಲಿ ಬೇಡ, ಕಾಗದದಲ್ಲಿ ಬೇಡ, ನನ್ನ ಮುಖ ನೋಡಿ ಹೇಳಿದರೆ ಸಾಕು, ಲಾರಿಗಳು ಅಂದೇ ಗಡಿ ದಾಟುತ್ತವೆ. ಈ ದೇಶ ಇನ್ನು ಯಾರ ಮುಂದೆಯೂ ತಪ್ಪಾಯಿತು ಅನ್ನುವುದಿಲ್ಲ ಎನ್ನುತ್ತಿದ್ದರು ಕರ್ನಲ್. ಇವತ್ತೂ ಹಾಗೇ ಎದ್ದು ಹೋದರೆ ಬೀಗರು ಮತ್ತೆ ಬರುತ್ತಾರೆ, ಮದುವೆಯ ನಾಟಕ ಮುಂದುವರಿಯುತ್ತದೆ. ಬಾತೊಮಾ ಇವತ್ತು ಗಂಡಿನ ಕಡೆಯವರ ಬಾಯಿಂದ ಮದುವೆಯ ದಿನ ಹೇಳಿಸದೆ ಬಿಡುವುದಿಲ್ಲವೆಂದು ಓಣಿಯ ನಾಲ್ಕು ಮುದುಕಿಯರನ್ನು ಸಾಕ್ಷಿಗೆ ಕರೆದು ಕೂರಿಸಿಕೊಂಡಿದ್ದಳು.

ನಿಜವಾಗಿ ಇದೆಲ್ಲ ಶುರುವಾದದ್ದು ಇಲ್ಲಿಂದಲ್ಲ ಎಂದು ಸಿರಿಮಾನ್ ತಿಳಿದಿದ್ದ. ಸೈನಿಕರು ರೇಡಿಯೊ ಕಟ್ಟಡ ಹಿಡಿದ ವಾರದಲ್ಲಿ ಕರ್ನಲ್ ಕಚೇರಿಗೆ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮನೆತನದ ಹೆಸರು ಕೇಳುತ್ತಾ ಬಂದಿದ್ದರು. ಇವನು ದೆಂಬೆಲೆ ಎಂದ ಕೂಡಲೇ ಅವರ ಗಂಟು ಮುಖ ಬಿಚ್ಚಿಕೊಂಡಿತು. 'ಓಹೋ, ನಮ್ಮನೆ ಆಳು ಇಲ್ಲಿದಾನೆ. ಏನೋ ಅಲಸಂದೆ ತಿನ್ನೋನೆ, ಓಡಿಹೋಗಿ ಸರ್ಕಾರದ ಕುರ್ಚಿ ಮೇಲೆ ಕೂತಿದೀಯಾ?' ಎಂದು ಕೇಳಿ, ತುಟಿಯಲ್ಲಿ ನಗು ಇಟ್ಟುಕೊಂಡು ಕಾದರು. ದಿಯಾರಾಗಳಿಗೂ ದೆಂಬೆಲೆಗಳಿಗೂ ಯಾವ ತಾತನ ಕಾಲದಿಂದಲೋ ಹಾಸ್ಯದ ನಂಟು. ಕಂಡಲ್ಲಿ ಒಬ್ಬರನ್ನೊಬ್ಬರು ಆಳು, ಅಲಸಂದೆ ತಿನ್ನೋನು ಎಂದು ಬೈಯಬೇಕು, ಬೈಸಿಕೊಂಡವರು ಇನ್ನೂ ಜೋರಾಗಿ ಬೈಯಬೇಕು, ಸಿಟ್ಟಾಗಬಾರದು. ನಂಟಿನ ಹೆಸರು ಹೇಳಿ ಏನಾದರೂ ಕೇಳಿದರೆ ಇಲ್ಲ ಅನ್ನಬಾರದು. ರಾಜನಾದರೂ ಅಷ್ಟೆ, ಭಿಕ್ಷುಕನಾದರೂ ಅಷ್ಟೆ. ಸಾಲಿನಲ್ಲಿದ್ದವರೆಲ್ಲ ಅವನ ಉತ್ತರಕ್ಕೆ ಕಿವಿ ನಿಮಿರಿಸಿದ್ದರು. ಸಿರಿಮಾನ್ ಕರ್ನಲ್ಲರ ಸೊಂಟದ ಪಿಸ್ತೂಲು ನೋಡಿದ. ನೋಡಿ, 'ಹೌದು ಕರ್ನಲ್ ಸಾಹೇಬ್ರೆ' ಅಂದ. ಅವರ ಮುಖದಲ್ಲಿದ್ದ ನಗು ಅಲ್ಲೇ ಒಣಗಿತು. ಅವರು ಮುಂದಿನವನ ಕಡೆ ಸರಿದರು. ಅಂದಿನಿಂದ ಕಚೇರಿಯ ಜವಾನನೂ ಅವನ ಬೆನ್ನ ಹಿಂದೆ ಹೌದು ಸಾಹೇಬ್ರೆ ಎಂದು ಕರೆಯುತ್ತಿದ್ದ. ಮಲಗಿದಾಗೆಲ್ಲ ಅವನಿಗೆ ಒಂದಕ್ಕಿಂತ ಒಂದು ಚೆಂದದ ಬೈಗುಳಗಳು ಹೊಳೆಯುತ್ತಿದ್ದವು, ಅವನು ಕತ್ತಲಲ್ಲಿ ಒಬ್ಬನೇ ನಗುತ್ತಿದ್ದ. ಅವನ ಅಪ್ಪ ಒಮ್ಮೆ ದಿಯಾರಾ ಹಿರಿಯನೊಬ್ಬನ ಶವ ಹೋಗುವ ದಾರಿಯಲ್ಲಿ ಅಡ್ಡ ಮಲಗಿ, ನಮ್ಮ ಆಳನ್ನು ನಮ್ಮಪ್ಪಣೆಯಿಲ್ಲದೆ ಎಲ್ಲಿಗೆ ಹೊತ್ತುಕೊಂಡು ಹೋಗ್ತಿದೀರಿ ಎಂದು ತಡೆದಿದ್ದ. ಅಳುತ್ತಿದ್ದ ವಿಧವೆ ಕಣ್ಣೊರೆಸಿಕೊಂಡು ನಕ್ಕು, ಒಂದು ಹುಂಜ ಕೊಟ್ಟು ದಾರಿ ಬಿಡಿಸಿಕೊಂಡಳು. ಅಂಥ ಅಪ್ಪನಿಗೆ ಹುಟ್ಟಿ ತಾನು ಹೌದು ಸಾಹೇಬ್ರೆ ಎಂದೆನಲ್ಲ ಎಂದು ಈಗ ಪಾನಕದ ಲೋಟ ಒರೆಸುತ್ತಾ ನಾಚಿಕೊಂಡ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಕಾರು ಬಂತು. ಮೂವರೂ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಉದ್ದ ಬೀಗರು ಸುತ್ತಿಕೊಂಡದ್ದು ವ್ಯರ್ಥ, ಅವರ ಕಾಲುಗಳೇ ಎಲ್ಲ ಹೇಳುತ್ತಿದ್ದವು. ಕರ್ನಲ್ ಒಳಗೆ ಬಂದವರೇ ಬಾಗಿಲಿಗೆ ಎದುರಾಗಿ ಕೂರುವುದು ಸಿಪಾಯಿಯ ಪದ್ಧತಿ ಎಂದು, ಸಿರಿಮಾನ್ ತನ್ನ ಲೆಕ್ಕದಲ್ಲಿ ಯಾರಿಗೂ ಬೇಡವೆಂದು ಮೂಲೆಗೆ ಸರಿಸಿದ್ದ ಅಲ್ಲಾಡುವ ಕುರ್ಚಿಯನ್ನೇ ಎಳೆದುಕೊಂಡು ಕೂತರು. ರಟ್ಟು ಮೂಲೆಯಲ್ಲೇ ಉಳಿಯಿತು. ಮಾತು ಬೀಗರ ಭಾಷೆಯಲ್ಲಿ ನಡೆಯಿತು. ಲಾರಿ, ಗಡಿ, ಪೈಜಾಮ. ಪೈಜಾಮ, ಗಡಿ, ಲಾರಿ. ಗೋಡೆಗೆ ಒರಗಿ ನಿಂತ ಸಿರಿಮಾನನಿಗೆ ಅಂಗಳದಲ್ಲಿ ಕಡಲೆಕಾಯಿ ಸುಲಿಯುವ ಸದ್ದು, ಮುದುಕಿಯರ ನಗು, ಬಾತೊಮಾ ಯಾರಿಗೋ ಡಾಕಾರ್ ಬಂದರಿನ ವೈಭವ ವರ್ಣಿಸುವುದು ಎಲ್ಲ ಕೇಳಿಸುತ್ತಿತ್ತು. ಬೀಗರು ಕನ್ನಡಕ ತೆಗೆದು ಒರೆಸಿ, 'ಹಾಗಾದರೆ ನಾವು ಮುಂದಿನ ವಾರ ಮತ್ತೆ ಸೇರೋಣ' ಅಂದರು. ಮುಂದಿನ ವಾರ ಎಂದರೆ ಸಿರಿಮಾನನಿಗೆ ಬೇರೆಯದೇ ಲೆಕ್ಕ. ಗಾವೋ ಬಸ್ಸು, ಒಲೆಯ ಬಳಿಯ ಸೋರೆ ಬುರುಡೆ, ಕೋಳಿಗಳಿಗೆ ಸೇರುವ ಮುದ್ದೆ. ಕರ್ನಲ್ಲರಿಗೂ ರೇಗಿತ್ತು, ಆ ರೇಗು ಬೀಗರ ಮೇಲೆ ತೋರಿಸುವ ಹಾಗಿರಲಿಲ್ಲ. ಅವರು ನಮ್ಮ ಭಾಷೆಗೆ ತಿರುಗಿ, ಗೋಡೆಯ ಕಡೆ ನೋಡದೆ, 'ಏಯ್ ದೆಂಬೆಲೆ, ಅಲಸಂದೆ ತಿನ್ನೋನೆ, ಗೋಡೆಗೆ ಅಂಟಿಕೊಂಡಿದೀಯಲ್ಲ, ಪಾನಕ ಎಲ್ಲಿ?' ಅಂದರು. ಆ ದನಿಯಲ್ಲಿ ಈ ಸಲ ನಗುವಿರಲಿಲ್ಲ, ಉತ್ತರ ಬರುತ್ತದೆಂಬ ಆಸೆಯೂ ಇರಲಿಲ್ಲ.

ಸಿರಿಮಾನ್ ಬಾಯಿ ತೆರೆದದ್ದು ಹೌದು ಸಾಹೇಬ್ರೆ ಎನ್ನಲಿಕ್ಕೇ. ಹೊರಗೆ ಬಂದದ್ದು ಅಪ್ಪನ ದನಿ.

'ಅಲಸಂದೆ ತಿನ್ನೋನು ನೀನು ಕಣೋ ದಿಯಾರಾ. ನಮ್ಮನೆ ಕೊಟ್ಟಿಗೆಲಿ ಹುಟ್ಟಿ ನಮಗೇ ಪಾನಕ ಕೇಳ್ತೀಯಾ? ನಿಮ್ಮಜ್ಜ ಸೆಗು ರಾಜ್ಯ ಆಳ್ದ ಅಂತ ಹೇಳ್ಕೊಂಡು ತಿರುಗ್ತೀಯಲ್ಲ, ಅವನು ನಮ್ಮಜ್ಜನ ಕತ್ತೆ ಕಾಯ್ತಿದ್ದ. ಅದನ್ನೂ ನೆಟ್ಟಗೆ ಕಾಯಲಿಲ್ಲ, ಎರಡು ಕತ್ತೆ ಕಳೆದ. ದಿನಾ ಬೆಳಿಗ್ಗೆ ರೇಡಿಯೊದಲ್ಲಿ ಅಬ್ಬರಿಸ್ತೀಯಲ್ಲ, ಅದು ಭಾಷಣ ಅಂದ್ಕೊಂಡಿದೀಯಾ? ಹಿಂದಿನ ದಿನ ತಿಂದ ಅಲಸಂದೆ ಅದು. ಇಡೀ ದೇಶ ಮೂಗು ಮುಚ್ಕೊಂಡು ಕೇಳ್ತಿದೆ.'

ಕ್ಯಾಪ್ಟನ್‌ನ ಕೈ ನಿಲುವಂಗಿಯೊಳಗೆ ಸೊಂಟಕ್ಕೆ ಹೋಯಿತು. ಉದ್ದ ಬೀಗರು ಒಂದು ಅಕ್ಷರ ತಿಳಿಯದಿದ್ದರೂ ಪೂರ್ತಿ ತಿಳಿದವರಂತೆ ಬಿಳಿಚಿಕೊಂಡರು. ಅಂಗಳದಲ್ಲಿ ಕಡಲೆಕಾಯಿಯ ಸದ್ದು ನಿಂತಿತು. ಸಿರಿಮಾನ್ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಆಗ ಮೊದಲು ಕೇಳಿಸಿದ್ದು ಕುರ್ಚಿಯ ಕಾಲು ಟಕಟಕ ಎನ್ನುವ ಸದ್ದು. ಬುರಾಮಾ ದಿಯಾರಾ ನಗುತ್ತಿದ್ದ. ಮೊದಲು ಸದ್ದಿಲ್ಲದೆ ಭುಜ ಕುಣಿಸಿ, ಆಮೇಲೆ ಬಾಯಿ ತೆರೆದು, ಆಮೇಲೆ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು ಬಂದು ಮುಖದ ಬಟ್ಟೆಯಲ್ಲೇ ಒರೆಸಿಕೊಂಡ.

'ಎರಡು ಕತ್ತೆ' ಅಂದ, ಉಸಿರು ಸಿಕ್ಕ ಮೇಲೆ. 'ಎರಡು ತಿಂಗಳಾಯ್ತು ಕಣೋ, ಒಬ್ಬನೂ ನನಗೆ ಬೈದಿಲ್ಲ. ನಮ್ಮಮ್ಮ ಕೂಡ ಎದ್ದು ನಿಲ್ತಾಳೆ. ಎಲ್ಲಿಟ್ಟಿದ್ದೆ ಇಷ್ಟು ದಿನ ಈ ನಾಲಿಗೇನ?'

'ನಿನ್ನ ಸೊಂಟದ್ದನ್ನ ನೋಡಿ ಒಳಗೆ ಎಳ್ಕೊಂಡಿತ್ತು.' ಈಗ ಬಿಟ್ಟರೆ ಇನ್ನೆಂದೂ ಇಲ್ಲವೆಂದು ಸಿರಿಮಾನ್ ಗೋಡೆ ಬಿಟ್ಟು ಮುಂದೆ ಬಂದ. 'ನಂಟಿನ ಹೆಸರಲ್ಲಿ ಕೇಳ್ತೀನಿ ದಿಯಾರಾ. ನನ್ನ ಮಗಳನ್ನ ನನಗೆ ವಾಪಸ್ಸು ಕೊಡು.'

'ನಿನ್ನ ಮಗಳನ್ನ ನಾನೆಲ್ಲಿ ತಗೊಂಡೆ?'

ಸಿರಿಮಾನ್ ಹೇಳಿದ. ಬಟ್ಟೆ ಕೆಳಗೆ ಇಟ್ಟ ಕಾಯಿ, ಅಕ್ಕ ಹಂಚಿದ್ದು, ಮಸೀದಿಗೆ ಎರಡು, ಕಮ್ಮಾರರಿಗೆ ಒಂದು, ಗಾವೋಗೆ ಹೊರಟ ಮೇಷ್ಟರು, ಬೇರೆ ತಿನ್ನುತ್ತಿರುವ ಮಗಳು. ಒಂದನ್ನೂ ಬಚ್ಚಿಡಲಿಲ್ಲ. ಕರ್ನಲ್ ಕ್ಯಾಪ್ಟನ್‌ನ ಕಡೆ ತಿರುಗಿದ.

'ಈ ಸಾಲಿಫ್ ಯಾರಯ್ಯ?'

'ಯಾರೂ ಇಲ್ಲ, ಕರ್ನಲ್. ನಾನೇ ಹುಟ್ಟಿಸಿದ್ದು.'

'ಹುಟ್ಟಿಸಿದ ಮೇಲೆ ಸಾಕಬೇಕು. ಈಗ ಯಾರು ಸಾಕ್ತಾರೆ?' ಎಂದು ಎದ್ದು ನಿಂತ. ಗುಟ್ಟು ಹೊರಬೀಳುತ್ತದೆ, ಅಂಗಳದಲ್ಲಿ ಹೆಂಗಸರಿದ್ದಾರೆ ಎಂದು ಕ್ಯಾಪ್ಟನ್ ಅಡ್ಡ ಬಂದ. 'ನಂಟಿನ ಹೆಸರು ಹೇಳಿ ಕೇಳಿದಾನೆ. ಇಲ್ಲ ಅಂದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ. ಮುಖ ಕಟ್ಕೊಂಡೇ ಹೋಗ್ತೀನಿ ಬಿಡು' ಎಂದು ಕರ್ನಲ್ ಬಟ್ಟೆಯನ್ನು ಮೂಗಿನ ಮೇಲೆ ಎಳೆದುಕೊಂಡು ಬಾಗಿಲು ತೆರೆದ.

ಹಂಚಿದ ಕಾಯಿಯನ್ನು ಬಿಡಿಸುವ ದಾರಿ ಒಂದೇ. ಗಂಡಿನ ಕಡೆಯ ಹಿರಿಯ ಹೆಣ್ಣಿನ ಸೋದರತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಪ್ಪು ನಮ್ಮದು ಎಂದು ನಾಲ್ಕು ಜನರ ಎದುರು ಹೇಳಬೇಕು. ಆಗ ತಿಂದ ಕಾಯಿ ತಿಂದವರಿಗೆ, ಹೆಣ್ಣಿನ ಹೆಸರು ಹೆಣ್ಣಿಗೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಿರಿಮಾನನಿಗೆ ಇಪ್ಪತ್ತು ವರ್ಷ ತಾನು ಕೂರಿಸಿದ್ದ ಮಂತ್ರಿಗಳು, ರಾಯಭಾರಿಗಳು, ಮೇಜಿನ ಮೇಲಿನ ಪುಟ್ಟ ಬಾವುಟಗಳು ಎಲ್ಲ ನೆನಪಾಗಿ, ದೇಶದ ದೊರೆ ಕಡಲೆಸಿಪ್ಪೆಯ ಮೇಲೆ ಕುಕ್ಕರಿಸುವುದನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದು ತಿಳಿಯದೆ ನಗು ಬಂತು. ಅಡಿಗೆ ಚಪ್ಪರದ ಕಂಬ ಹಿಡಿದು ಅಸಿತಾನ್ ನಿಂತಿದ್ದಳು, ಕೈಯಲ್ಲಿ ಸೌಟು ಹಾಗೇ ಇತ್ತು.

'ತಪ್ಪಾಯ್ತು ತಾಯಿ' ಅಂದ ಬಟ್ಟೆಯೊಳಗಿನ ದನಿ. 'ನಮ್ಮ ಹುಡುಗ ಸರಿಯಿಲ್ಲ. ನಿಮ್ಮ ಹುಡುಗಿಗೆ ಅವನು ತಕ್ಕವನಲ್ಲ. ತಿಂದ ಕಾಯಿ ನಿಮಗಿರಲಿ, ಮಾತು ನಮಗೆ ವಾಪಸ್ಸು ಕೊಡಿ.'

ಬಾತೊಮಾ ಕಡಲೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಅವನನ್ನು ತುಂಬ ಹೊತ್ತು ನೋಡಿದಳು. ಅವಳ ದನಿಯಲ್ಲಿ ನಿಜವಾದ ಸಂಕಟವಿತ್ತು. 'ಸರಿಯಿಲ್ಲ ಅಂದ್ರೆ ಏನು? ಕುಡೀತಾನಾ?'

'ಇನ್ನೂ ದೊಡ್ಡ ಕೊರತೆ ತಾಯಿ. ಇದ್ದೂ ಇಲ್ಲದ ಹಾಗೆ ಇರೋನು.'

'ಮನೆತನ ಯಾವುದು ನಿಮ್ಮದು? ಅವತ್ತು ಕೇಳಿದ್ರೂ ಹೇಳಲಿಲ್ಲ.'

'ದಿಯಾರಾ.'

ಮುದುಕಿಯರ ನಡುವೆ ಒಂದು ಅಲೆ ಎದ್ದಿತು. ಬಾತೊಮಾಳ ಸಂಕಟ ಅಲ್ಲೇ ಹಾರಿಹೋಗಿ ಮುಖ ಅರಳಿತು. 'ಹಾಗೆ ಹೇಳು. ಅಲಸಂದೆ ತಿನ್ನೋ ಮನೆಗೆ ನಮ್ಮ ಹುಡುಗೀನ ಕೊಡ್ತಿದ್ವಲ್ಲೇ, ದೇವರು ಕಾಪಾಡಿದ. ಅದಕ್ಕೇ ನಮ್ಮ ತಮ್ಮ ಒಳಗೆ ಅಷ್ಟು ಜೋರು ಮಾಡ್ದ. ಸುಮ್ನೆ ಬಿಡಲ್ಲ ನಾನು. ನಾನು ದೆಂಬೆಲೆಗಳ ಆಳು ಅಂತ ಮೂರು ಸಲ ಹೇಳು, ಎಲ್ಲರಿಗೂ ಕೇಳೋ ಹಾಗೆ.'

ಅವನು ಹೇಳಿದ. ಪ್ರತಿ ಸಲ ಹೇಳುವಾಗಲೂ ಇನ್ನಷ್ಟು ಖುಷಿಯಿಂದ ಹೇಳಿದ. ಮೂರನೆಯದಕ್ಕೆ ಮುದುಕಿಯರೂ ದನಿಗೂಡಿಸಿದರು. ಎದ್ದು ನಿಲ್ಲಲು ನೆಲಕ್ಕೆ ಕೈಯೂರಿದಾಗ ಬಾತೊಮಾ ಅವನ ಹೆಗಲು ಒತ್ತಿ ಕೂರಿಸಿದಳು. ಏನಾಗುತ್ತಿದೆ ಎಂದು ನೋಡಲು ಉದ್ದ ಬೀಗರು ಸಿರಿಮಾನನ ಹಿಂದಿನಿಂದ ತಲೆ ಬಗ್ಗಿಸಿ ಹೊರಗೆ ಬಂದಿದ್ದರು.

'ಅಲ್ನೋಡು. ಪಾಪ, ಆ ಹಿರಿಯರನ್ನ ಅಷ್ಟು ದೂರದಿಂದ ಮೂರು ಸಲ ಕರ್ಕೊಂಡು ಬಂದು ಬಿಸಿಲಲ್ಲಿ ನಿಲ್ಲಿಸಿದೀಯ. ನಮ್ಮನ್ನ ಕೇಳ್ಕೊಂಡ್ರೆ ಆಯ್ತಾ? ಅವರನ್ನೂ ಕೇಳ್ಕೋ. ಅವರ ಭಾಷೇಲೇ ಕೇಳು. ಆಮೇಲೆ ಏಳು.'

ಕುಕ್ಕರಿಸಿದ್ದವನ ಬೆನ್ನು ಸೆಟೆದದ್ದನ್ನು ಸಿರಿಮಾನ್ ಕಂಡ. ಗಾಳಿ ಒಮ್ಮೆ ಧೂಳೆಬ್ಬಿಸಿ ಸುಮ್ಮನಾಯಿತು. ದೇಶ ಯಾರ ಮುಂದೆಯೂ ಅನ್ನುವುದಿಲ್ಲ ಎಂದಿದ್ದ ಮಾತು ಅದು, ಅದಕ್ಕಾಗಿ ಲಾರಿಗಳು ನಿಂತಿದ್ದವು. ಆದರೆ ಇಲ್ಲಿ ದೇಶವೆಲ್ಲಿತ್ತು? ಇಲ್ಲದ ಹುಡುಗನ ಪರವಾಗಿ ಬಂದ ಯಾರೋ ಮುಖ ಕಟ್ಟಿಕೊಂಡ ಒಬ್ಬ ಚಿಕ್ಕಪ್ಪ, ಬಂದರಿನ ಒಬ್ಬ ಮೇಲಧಿಕಾರಿ, ಕಡಲೆಸಿಪ್ಪೆ. ಕುಕ್ಕರಿಸಿದ್ದವನು ಕಾಲು ಎಳೆಯುತ್ತಾ ಹಾಗೇ ತಿರುಗಿದ. ತಲೆಯೆತ್ತಿ, ಬೀಗರ ಮುಖ ನೋಡಿ, ಅವರ ಭಾಷೆಯಲ್ಲಿ ನಿಧಾನವಾಗಿ, 'ನಮ್ಮಿಂದ ತಪ್ಪಾಗಿದೆ. ನಿಮಗೆ ನೋವಾಗಿದ್ದರೆ ಮರೆತುಬಿಡಿ' ಅಂದ. ಆ ದನಿಯಲ್ಲಿ ತಮಾಷೆ ಇರಲಿಲ್ಲ ಎಂದು ಸಿರಿಮಾನ್ ಆಮೇಲೆ ಎಷ್ಟೋ ಸಲ ನೆನೆಸಿಕೊಂಡ. ಬೀಗರು ತಮ್ಮ ಉದ್ದನೆಯ ಕಾಲುಗಳನ್ನು ಒಂದೊಂದಾಗಿ ಮಡಿಸಿ, ಒಂದು ಕೈ ನೆಲಕ್ಕೂರಿ, ಕಷ್ಟಪಟ್ಟು ಅವನೆದುರು ಕುಕ್ಕರಿಸಿದರು.

'ಪೈಜಾಮ ಹೇಗೂ ಹಳೆಯದಾಗಿತ್ತು' ಅಂದರು.

'ಏನಂತೆ?' ಎಂದು ಬಾತೊಮಾ ತಮ್ಮನನ್ನು ಕೇಳಿದಳು.

'ಆಗಲಿ ಅಂದ್ರು ಅಕ್ಕ.'

'ಒಳ್ಳೆ ಮನುಷ್ಯ. ಇಬ್ಬರಿಗೂ ಪಾನಕ ಕೊಡೇ ಅಸಿತಾನ್. ಆ ಅಲಸಂದೆಯವನಿಗೆ ಶುಂಠಿ ಜಜ್ಜಿ ಹಾಕು. ದಿನಾ ಬೆಳಿಗ್ಗೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದಾನೆ.'

ಸಿರಿಮಾನ್ ಅಕ್ಕನ ಮುಖ ನೋಡಿದ. ಅವಳು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಕಡಲೆಕಾಯಿ ಸುಲಿಯತೊಡಗಿದ್ದಳು. ಪಕ್ಕದ ಮುದುಕಿಯರು ನೆಲ ನೋಡುತ್ತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ದಿಯಾರಾ ಎರಡು ಲೋಟ ಪಾನಕ ಕುಡಿದು ಹೋದ. ಕಾರು ತಿರುಗಿ ಓಣಿ ದಾಟುವ ಮೊದಲೇ ಅಸಿತಾನ್ ಸೌಟನ್ನು ಅತ್ತೆಯ ಕೈಗೆ ಕೊಟ್ಟು, ಯಾರನ್ನೂ ಕೇಳದೆ, ಶಾಲೆಯ ಬೀದಿಯ ಕಡೆ ಧೂಳಿನಲ್ಲಿ ನಡೆದು ಹೋದಳು. ಮೊದಲು ನಡೆದಳು, ತಿರುವಿನ ಹತ್ತಿರ ಓಡಿದಳು.

ಬೆಳಿಗ್ಗೆ ಮನೆಯ ಗೋಡೆಗೆ ಒಂದು ಸೈಕಲ್ಲು ಒರಗಿತ್ತು. ಗಾವೋ ಬಸ್ಸಿನ ಮೇಲೆ ಕಟ್ಟಬೇಕಾಗಿದ್ದ ತಗಡಿನ ಪೆಟ್ಟಿಗೆ ಅದರ ಹಿಂದೆ ಇನ್ನೂ ಬಿಗಿದೇ ಇತ್ತು. ಅದರ ಯಜಮಾನ, ತೆಳ್ಳಗೆ ನಾಚಿಕೆಯ ಮನುಷ್ಯ, ಬಾತೊಮಾಳ ಮುಂದೆ ಕೂತು, ಚಿಕ್ಕಪ್ಪ ಶುಕ್ರವಾರ ಬರ್ತಾರೆ ಎಂದು ಎರಡನೆಯ ಸಲ ಹೇಳುತ್ತಿದ್ದ. 'ಬರಲಿ. ಕಾಯಿ ಮಾತ್ರ ನನ್ನ ಕೈಗೇ ಕೊಡಲಿ. ನನ್ನ ತಮ್ಮ ಬಟ್ಟೆ ಕೆಳಗೆ ಇಡ್ತಾನೆ' ಎನ್ನುತ್ತಿದ್ದಳು ಅವಳು. ದೊಡ್ಡ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುವ ಸದ್ದಿಗೆ ಅಟ್ಟದ ಮೇಲಿನ ಪಾತ್ರೆಗಳು ನಡುಗುತ್ತಿದ್ದವು. ರೇಡಿಯೊದಲ್ಲಿ ಕರ್ನಲ್ ಎಂದಿನಂತೆ ಅಬ್ಬರಿಸುತ್ತಿದ್ದ: ನಾವು ಯಾರಿಗೂ ಬಗ್ಗುವವರಲ್ಲ, ಯಾರ ಮುಂದೆಯೂ ಮಂಡಿಯೂರುವವರಲ್ಲ, ಪರದೇಶದವರು ಇದನ್ನು ಬರೆದಿಟ್ಟುಕೊಳ್ಳಲಿ. ಆಮೇಲೆ ಕೆಮ್ಮಿ, ಒಂದು ಗಳಿಗೆ ತಡೆದು, 'ಅಲಸಂದೆ ತಿಂದು ಗೋಡೆಗೆ ಅಂಟಿಕೊಂಡವರು ನಮ್ಮೊಳಗೂ ಇದ್ದಾರೆ. ಅವರ ಮೇಲೆ ನಮ್ಮ ಕಣ್ಣಿದೆ' ಅಂದ.

'ಕತ್ತೆ ಹುಡುಕು ಹೋಗೋ ದಿಯಾರಾ' ಎಂದು ಸಿರಿಮಾನ್ ರೇಡಿಯೊಗೆ ಹೇಳಿದ, ಓಣಿಗೆ ಕೇಳುವಷ್ಟು ಗಟ್ಟಿಯಾಗಿ.

ಅಸಿತಾನ್ ಸಜ್ಜೆ ಮುದ್ದೆಯ ದೊಡ್ಡ ಬೋಗುಣಿಯನ್ನು ತಂದು ಚಾಪೆಯ ಮೇಲಿಟ್ಟಳು. ತನ್ನ ಹಳೆಯ ಜಾಗದಲ್ಲಿ ಕೂತು, ಬೋಗುಣಿಯನ್ನು ಅವನ ಕಡೆ ಸ್ವಲ್ಪ ಸರಿಸಿದಳು.

'ಅಪ್ಪ, ಬೈದಿದ್ದು ಸಾಕು' ಅಂದಳು. 'ಕೈ ತೊಳ್ಕೊಂಡು ಬಾ.'